ಸ್ಲೈಡ್‌ಔಟ್ ಓರೆಯಾದರೆ ಮೊದಲು ಎಣ್ಣೆ ನೋಡಿ, ಆಮೇಲೆ ನಟ್ಟು

ಇಡೀ ದಿನ ಗಾಡಿ ಓಡಿಸಿ ಸಂಜೆಗೆ ಕ್ಯಾಂಪ್‌ಗ್ರೌಂಡ್ ತಲುಪಿದ್ದೀರಿ. ಮೋಟರ್‌ಹೋಮ್ ನಿಲ್ಲಿಸಿ, ಮಟ್ಟ ಮಾಡಿ, ಸ್ಲೈಡ್‌ಔಟ್ ಸ್ವಿಚ್ಚು ಒತ್ತುತ್ತೀರಿ. ಸೋಫಾ, ಊಟದ ಮೇಜು, ಬೀರು ಎಲ್ಲವನ್ನೂ ಹೊತ್ತ ಕೋಣೆ ಹೊರಕ್ಕೆ ಹೊರಡುತ್ತದೆ. ಹೊರಟ ಅರ್ಧ ನಿಮಿಷಕ್ಕೆ ಒಳಗಿನಿಂದ ಹೆಂಡತಿಯ ಕೂಗು: “ರೀ, ನಿಲ್ಸಿ! ಹಿಂದಿನ ಮೂಲೆ ಬರ್ತಾನೇ ಇಲ್ಲ!” ಹೋಗಿ ನೋಡಿದರೆ ಕೋಣೆಯ ಮುಂದಿನ ತುದಿ ಒಂದೂವರೆ ಇಂಚು ಹೊರಗಿದೆ, ಹಿಂದಿನದು ಅಲ್ಲೇ ಕಚ್ಚಿಕೊಂಡಿದೆ, ರಬ್ಬರ್ ಸೀಲು ಮಡಿಚಿ ಬಾಯಿ ತೆರೆದಿದೆ.

ಅಮೆರಿಕದಲ್ಲಿರುವ ನಮ್ಮವರಲ್ಲಿ ಹತ್ತಿಪ್ಪತ್ತು ವರ್ಷ ಹಳೆಯ ಮೋಟರ್‌ಹೋಮ್ ಕೊಂಡು ರಜೆಯಲ್ಲೋ ನಿವೃತ್ತಿಯ ಮೇಲೋ ಊರೂರು ಸುತ್ತುವವರಿದ್ದಾರೆ. ಅಂಥ ಗಾಡಿಗೆ ವಾರಂಟಿ ಮುಗಿದು ಎಷ್ಟೋ ಕಾಲವಾಗಿರುತ್ತದೆ. ವರ್ಕ್‌ಶಾಪಿನವರು ವಾರಗಟ್ಟಲೆ ಆಚೆಯ ದಿನ ಕೊಡುತ್ತಾರೆ. ಈ ಕೆಲಸವನ್ನು ಮನೆಯಂಗಳದಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳಿದರೆ, ಸ್ಪ್ಯಾನರ್ ಹಿಡಿದು ರೂಢಿಯಿರುವವರಿಗೆ ಹೌದು, ಮಾಡಬಹುದು. ಆದರೆ ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೊನೆಗೆ ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ನಾನೂ ಎಡವಿದವನೇ.

ಹಿನ್ನೆಲೆ ಎರಡೇ ಮಾತಿನಲ್ಲಿ: ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ 1990ರಲ್ಲಿ ಸ್ಲೈಡ್‌ಔಟ್ ತಂದ ಮೇಲೆ ಎಲ್ಲ ತಯಾರಕರೂ ಅದರ ಹಿಂದೆ ಬಿದ್ದರು. ಹಗುರ ಕೋಣೆಗಳಿಗೆ ವಿದ್ಯುತ್ ಮೋಟರು ಸಾಕಾಯಿತು. ಸಾವಿರಾರು ಪೌಂಡ್ ತೂಗುವ ದೊಡ್ಡ ಕೋಣೆಗಳಲ್ಲಿ ಅನೇಕವಕ್ಕೆ ಹೈಡ್ರಾಲಿಕ್ ಬಂತು. ಅಯೋವಾ ರಾಜ್ಯದ ಮಾಸ್ಕೋ ಎಂಬ ಪುಟ್ಟ ಊರಿನ ಎಚ್‌ಡಬ್ಲ್ಯುಎಚ್ ಕಂಪನಿಯ ವ್ಯವಸ್ಥೆ ಹಳೆಯ ಡೀಸೆಲ್ ಗಾಡಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಎರಡು ಸಿಲಿಂಡರು, ಒಂದೇ ಹೆಜ್ಜೆ

ಸ್ಲೈಡ್‌ಔಟ್ ಅಂದರೆ ದೊಡ್ಡದೊಂದು ಡ್ರಾಯರು. ಹಳೆ ಮರದ ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಹಿಡಿಯಿಂದ ಎಳೆದು ನೋಡಿ. ಒಂದು ಬದಿ ಮುಂದೆ ಬಂದು, ಇನ್ನೊಂದು ಬದಿ ಉಳಿದು, ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಹೆಚ್ಚಾಗಿ ಕೋಣೆಯ ಎರಡು ತುದಿಗೂ ಒಂದೊಂದು ಸಿಲಿಂಡರ್ ಇಟ್ಟಿರುತ್ತಾರೆ.

ಇಟ್ಟ ಮಾತ್ರಕ್ಕೆ ಎರಡೂ ಜೊತೆಯಾಗಿ ನಡೆಯುವುದಿಲ್ಲ. ಗದ್ದೆಗೆ ನೀರು ಹಾಯಿಸಿದವರಿಗೆ ಇದು ಗೊತ್ತು: ಒಂದೇ ಕಾಲುವೆಯಿಂದ ಎರಡು ಗದ್ದೆಗೆ ಬಾಯಿ ಕಡಿದರೆ ತಗ್ಗಿನ ಗದ್ದೆ ಮೊದಲು ತುಂಬುತ್ತದೆ. ಪಂಪಿನಿಂದ ಬಂದ ಎಣ್ಣೆಯೂ ಹಾಗೆಯೇ, ತಡೆ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಕೋಣೆಯ ಒಂದು ತುದಿಯಲ್ಲಿ ಫ್ರಿಜ್ ಇದ್ದು ಭಾರವಾಗಿದ್ದರೆ, ಹಗುರ ತುದಿಯ ಸಿಲಿಂಡರ್ ಎಣ್ಣೆಯೆಲ್ಲ ಕುಡಿದು ಓಡಿಬಿಡುತ್ತದೆ. ಹಾಗಾಗದಂತೆ ಹಂಚಿಕೊಡಲು ಮಧ್ಯೆ ಇನ್ನೊಂದು ಏರ್ಪಾಡು ಬೇಕು. ನಿಮ್ಮ ಗಾಡಿಯಲ್ಲಿರುವುದು ಯಾವ ಏರ್ಪಾಡು ಎಂದು ತಿಳಿಯದೆ ಒಂದು ನಟ್ಟನ್ನೂ ಮುಟ್ಟಬೇಡಿ. ಸಾಮಾನ್ಯವಾಗಿ ಕಾಣುವುದು ಮೂರು:

1. ಹಲ್ಲುಪಟ್ಟಿ ಮತ್ತು ಅಡ್ಡ ದಂಡ. ಕೋಣೆಯ ಅಡಿಯ ಎರಡೂ ಹಳಿಗಳಿಗೆ ಹಲ್ಲುಪಟ್ಟಿ, ಅವುಗಳ ಮೇಲೆ ಗೇರು, ಎರಡು ಗೇರುಗಳ ನಡುವೆ ಒಂದು ಉದ್ದ ದಂಡ. ಸಿಲಿಂಡರ್ ಒಂದೇ ಇದ್ದರೂ ದಂಡ ಇನ್ನೊಂದು ಬದಿಯನ್ನು ಎಳೆದು ತರುತ್ತದೆ. ಇಲ್ಲಿ ಓರೆಯಾಗಿದ್ದರೆ ಗೇರು ಹಲ್ಲು ಹಾರಿದೆ, ಇಲ್ಲವೇ ದಂಡದ ಬೋಲ್ಟು ತುಂಡಾಗಿದೆ ಎಂದರ್ಥ. ಎಣ್ಣೆಯಿಂದ ಇದು ಸರಿಹೋಗುವುದಿಲ್ಲ.

2. ಅಳತೆ ಸಿಲಿಂಡರ್. ಎಚ್‌ಡಬ್ಲ್ಯುಎಚ್ ಗಾಡಿಗಳಲ್ಲಿ ಇರುವಂಥದ್ದು. ಒಂದೇ ರಾಡಿನ ಮೇಲೆ ಎರಡು ಪಿಸ್ಟನ್, ಎರಡು ಸಮನಾದ ಖಾನೆ. ಒಂದೇ ಕೋಲಿಗೆ ಕಟ್ಟಿದ ಎರಡು ಪಾವು ಎಂದುಕೊಳ್ಳಿ. ಕೋಲು ಸರಿದರೆ ಈ ಸಿಲಿಂಡರಿಗೆ ಒಂದು ಪಾವು, ಆ ಸಿಲಿಂಡರಿಗೂ ಅಷ್ಟೇ ಒಂದು ಪಾವು. ಯಾವ ತುದಿ ಭಾರ, ಯಾವುದು ಹಗುರ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

3. ಸರಣಿ ಸಿಲಿಂಡರ್. ಮೊದಲ ಸಿಲಿಂಡರಿನ ರಾಡಿನ ಕಡೆಯಿಂದ ಹೊರಬಿದ್ದ ಎಣ್ಣೆಯೇ ಎರಡನೆಯದನ್ನು ತಳ್ಳುತ್ತದೆ. ಇದರಲ್ಲಿ ಎರಡೂ ಒಂದೇ ಗಾತ್ರದವಾಗಿರುವುದಿಲ್ಲ. ಮೊದಲನೆಯದು 2 ಇಂಚು ಒಳವ್ಯಾಸ, 1 ಇಂಚು ರಾಡಿನದ್ದಾದರೆ, ಎರಡನೆಯದರ ಒಳವ್ಯಾಸ ಸುಮಾರು 1.73 ಇಂಚು ಇರಬೇಕು. ಒಂದು ಚಿಕ್ಕದಿದೆಯಲ್ಲ, ಯಾರೋ ತಪ್ಪು ಹಾಕಿದ್ದಾರೆ ಎಂದುಕೊಂಡು ಎರಡೂ ಒಂದೇ ಅಳತೆಯವು ತಂದು ಹಾಕಿದರೆ ಗಾಡಿ ಜನ್ಮಕ್ಕೆ ನೇರವಾಗುವುದಿಲ್ಲ.

ಮುಂದೆ ನಾನು ಹೇಳುವುದು ಹೆಚ್ಚಾಗಿ ಎರಡನೇ ಬಗೆಗೆ. ಮೂರನೆಯದಕ್ಕೂ ಬಹುಪಾಲು ಹೊಂದುತ್ತದೆ.

ಈಗ ಸ್ವಲ್ಪ ಲೆಕ್ಕ. 2 ಇಂಚು ಒಳವ್ಯಾಸದ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ 3.14 ಚದರ ಇಂಚು. ಕೋಣೆ 30 ಇಂಚು ಹೊರಹೋಗಲು ಒಂದೊಂದು ಸಿಲಿಂಡರಿಗೂ ಸುಮಾರು ಒಂದೂವರೆ ಲೀಟರ್ ಎಣ್ಣೆ ಬೇಕು. ಅದರಲ್ಲಿ ಒಂದು ಬದಿಗೆ ಬರೀ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ, ಕಡಿಮೆಯಾದರೆ ಆ ತುದಿ 5 ಮಿಲಿಮೀಟರ್ ಹಿಂದುಳಿಯುತ್ತದೆ. ಆ ಎರಡು ಚಮಚದ ಜಾಗದಲ್ಲಿ ಗಾಳಿ ಕೂತಿದ್ದರೂ ಫಲ ಅದೇ. 3,000 ಪಿಎಸ್ಐ ಒತ್ತಡದಲ್ಲಿ ಗಾಳಿ ಇನ್ನೂರರಲ್ಲಿ ಒಂದು ಪಾಲಿಗೆ ಕುಗ್ಗಿಹೋಗುತ್ತದೆ, ಎಣ್ಣೆ ಹಾಗೆ ಕುಗ್ಗುವುದಿಲ್ಲ. ಹೊಸ ಸಿಲಿಂಡರ್ ಹಾಕಿದ ಮೇಲೆ ಕೋಣೆ ಮೊದಲಿಗಿಂತ ಹೆಚ್ಚು ಓರೆಯಾಗಿ ಓಡುವುದು ಇದೇ ಕಾರಣಕ್ಕೆ. ಸಿಲಿಂಡರ್ ಹೊಸದು, ಆದರೆ ಒಳಗೆ ಗಾಳಿ ತುಂಬಿದೆ.

ತಪ್ಪು ಯಾರದು? ಮೂರು ಕಡೆ ಅಳೆಯಿರಿ

ಒಂದು ಅಳತೆ ಟೇಪು, ಪೇಪರ್ ಟೇಪು, ಪೆನ್ನು ಇದ್ದರೆ ಅರ್ಧ ರೋಗ ಪತ್ತೆಯಾಗುತ್ತದೆ. ಕೋಣೆಯ ಎರಡೂ ತುದಿಯಲ್ಲಿ ಗಾಡಿಯ ಗೋಡೆಗೂ ಕೋಣೆಯ ಅಂಚಿಗೂ ನಡುವಿನ ದೂರವನ್ನು ಮೂರು ಹಂತದಲ್ಲಿ ಬರೆದುಕೊಳ್ಳಿ: ಪೂರ್ತಿ ಒಳಗಿದ್ದಾಗ, ಅರ್ಧ ದಾರಿಯಲ್ಲಿ, ಪೂರ್ತಿ ಹೊರಗಿದ್ದಾಗ.

ಮೊದಲ ಮತ್ತು ಕೊನೆಯ ಅಳತೆ ಎರಡೂ ತುದಿಯಲ್ಲಿ ಸಮನಾಗಿದ್ದು, ಅರ್ಧ ದಾರಿಯಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಅದು ಎಣ್ಣೆಯ ತೊಂದರೆ. ಗಾಳಿ ಇರಬಹುದು, ಒಂದು ಬದಿ ಒಳಗೊಳಗೇ ಸೋರುತ್ತಿರಬಹುದು. ಪೂರ್ತಿ ಒಳಗೆ ಬಂದು, ಸ್ವಿಚ್ಚನ್ನು ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿದ ಮೇಲೂ ಒಂದು ತುದಿ ಬಾಯಿ ಬಿಟ್ಟಿದ್ದರೆ ಆಗ ಕಬ್ಬಿಣದ ಕಡೆ ನೋಡಬೇಕು. ರಾಡಿನ ತುದಿಯ ನಟ್ಟು ಸಡಿಲಾಗಿರಬಹುದು, ಪಿನ್ನು ಸವೆದಿರಬಹುದು, ಕೋಣೆಯ ಅಡಿಯಲ್ಲಿ ಏನಾದರೂ ಸಿಕ್ಕಿರಬಹುದು. ನಮ್ಮ ಗಾಡಿಯಲ್ಲಿ ಒಮ್ಮೆ ಸಿಕ್ಕಿದ್ದು ಮೊಮ್ಮಗಳ ಚಪ್ಪಲಿ.

ಎಣ್ಣೆಯ ತೊಂದರೆಗೂ ಕಬ್ಬಿಣದ ತೊಂದರೆಗೂ ಇರುವ ಈ ವ್ಯತ್ಯಾಸ ನನಗೆ ಮೊದಲು ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಓರೆಯಾಗುತ್ತಿದ್ದ ಕೋಣೆಯನ್ನು ಒಂದು ವರ್ಕ್‌ಶಾಪಿಗೆ ಒಯ್ದೆ. ಅವರು ಹಿಂದಿನ ರಾಡಿನ ನಟ್ಟು ತಿರುಗಿಸಿ “ಸರಿಹೋಯ್ತು” ಎಂದರು. ಅರ್ಧ ದಾರಿಯಲ್ಲಿ ನೇರವಾಗಿ ಕಂಡಿತು, ನಿಜ. ಆದರೆ ಮುಚ್ಚಿದಾಗ ಮುಂದಿನ ಮೂಲೆ ಗೋಡೆಗೆ ಗುದ್ದಿಕೊಳ್ಳುತ್ತಿತ್ತು, ಹಿಂದಿನದು ಅರ್ಧ ಇಂಚು ತೆರೆದೇ ಇರುತ್ತಿತ್ತು. ಮೊದಲ ಮಳೆಗೆ ಕಾರ್ಪೆಟ್ ನೆನೆಯಿತು. ಆಮೇಲೆ ಆ ನಟ್ಟನ್ನು ಮೊದಲಿದ್ದ ಜಾಗಕ್ಕೆ ತರಲು ನನಗೆ ಒಂದಿಡೀ ಶನಿವಾರ ಹಿಡಿಯಿತು, ಮೊದಲು ಎಲ್ಲಿತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ.

ಇನ್ನು ಸಿಲಿಂಡರೇ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ? ರಾಡಿನ ಬುಡದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ರಾಡಿನ ಸೀಲು ಹೋಗಿದೆ, ಕಣ್ಣಿಗೇ ಕಾಣುತ್ತದೆ. ಪಿಸ್ಟನ್ ಸೀಲು ಹೋಗಿದ್ದರೆ ಹೊರಗೆ ಒಂದು ಹನಿಯೂ ಬರುವುದಿಲ್ಲ, ಎಣ್ಣೆ ಒಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಸುಳುತ್ತದೆ. ಅದರ ಪರೀಕ್ಷೆ ಹೀಗೆ: ಕೋಣೆಯನ್ನು ಪೂರ್ತಿ ಹೊರಗೆ ಕಳಿಸಿ. ಒತ್ತಡ ಇಳಿಸಿ, ರಾಡಿನ ಕಡೆಯ ಪೈಪು ಬಿಚ್ಚಿ. ಬಿಚ್ಚಿದ ಪೈಪಿನ ತುದಿಗೆ ಉಕ್ಕಿನ ಮುಚ್ಚಳ ಬಿಗಿಯಿರಿ. ಸಿಲಿಂಡರಿನ ತೆರೆದ ಬಾಯಿಗೆ ಒಂದು ತುಂಡು ಪೈಪು ಹಾಕಿ ಡಬ್ಬಿಗೆ ಬಿಡಿ. ಈಗ ಎಲ್ಲರೂ ದೂರ ನಿಂತು, ‘ಹೊರಗೆ’ ಸ್ವಿಚ್ಚನ್ನು ಕೆಲವು ಸೆಕೆಂಡ್ ಒತ್ತಿ. ಮೊದಲು ಒಂದಿಷ್ಟು ಹನಿ ಬಿದ್ದು ನಿಂತರೆ ಸೀಲು ಚೆನ್ನಾಗಿದೆ. ಒತ್ತಿದಷ್ಟು ಹೊತ್ತೂ ಎಣ್ಣೆ ಹರಿಯುತ್ತಲೇ ಇದ್ದರೆ ಸೀಲು ಹೋಗಿದೆ.

ನಿಂತಲ್ಲೇ ಕೋಣೆ ತಾನಾಗಿ ಜರುಗುತ್ತಿದ್ದರೆ ಸಿಲಿಂಡರನ್ನು ಬೈಯುವ ಮುನ್ನ ವಾಲ್ವುಗಳನ್ನು ನೋಡಿ. ಸೊಲೆನಾಯ್ಡ್ ವಾಲ್ವಿನ ಸೀಟಿನಲ್ಲಿ ಒಂದು ಕಸದ ಕಣ ಕೂತರೂ ಇದೇ ಲಕ್ಷಣ.

ಕೈ ಹಾಕುವ ಮುನ್ನ ಎಚ್ಚರಿಕೆ

ಹೈಡ್ರಾಲಿಕ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣಬಹುದು, ನೋವೂ ಮೊದಲಿಗೆ ಇರಲಿಕ್ಕಿಲ್ಲ. ಆದರೂ ತಡಮಾಡದೆ ಆಪರೇಷನ್ ಆಗಬೇಕಾದ ಸ್ಥಿತಿ ಅದು, ತಡವಾದರೆ ಬೆರಳು ಅಥವಾ ಕೈ ಹೋಗಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಬಳಸಿ, ಬೆರಳನ್ನಲ್ಲ. ಹಾಗೇನಾದರೂ ಆದರೆ ನೇರವಾಗಿ ಎಮರ್ಜೆನ್ಸಿಗೆ ಹೋಗಿ, ‘ಒತ್ತಡದ ಎಣ್ಣೆ ಕೈಯೊಳಗೆ ಹೊಕ್ಕಿದೆ’ ಎಂದೇ ಹೇಳಿ. ಸುಮ್ಮನೆ ಗಾಯ ಎಂದರೆ ಬ್ಯಾಂಡೇಜ್ ಸುತ್ತಿ ಕಳಿಸಿಬಿಟ್ಟಾರು.

ಎರಡನೆಯದು, ಸ್ವಿಚ್ಚು ಬಿಟ್ಟರೆ ಒತ್ತಡ ಇಳಿಯಿತು ಎಂದುಕೊಳ್ಳಬೇಡಿ. ಕೋಣೆ ದಾರಿಯಲ್ಲಿ ತೆರೆದುಕೊಳ್ಳದಂತೆ ಒಳಗೆಳೆಯುವ ಒತ್ತಡವನ್ನು ಹಾಗೇ ಹಿಡಿದಿಡುವ ವ್ಯವಸ್ಥೆಗಳಿವೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿರುವಂತೆ ವಾಲ್ವಿನ ಕೈಬಿಡುಗಡೆ ತಿರುಪನ್ನು ಸಡಿಲಿಸಿ ಒತ್ತಡ ಇಳಿಸಿ, ಪಂಪಿನ ಬ್ಯಾಟರಿ ತಂತಿ ಕಳಚಿ. ಆಮೇಲೂ ನಟ್ಟನ್ನು ಬಟ್ಟೆ ಮುಚ್ಚಿ, ಕನ್ನಡಕ ಹಾಕಿಕೊಂಡು, ಕಾಲು ಸುತ್ತಿನಷ್ಟೇ ಸಡಿಲಿಸಿ ಕಾಯಿರಿ.

ಗಾಡಿಯ ಲೆವೆಲಿಂಗ್ ಜಾಕ್ ಅಥವಾ ಏರ್ ಸಸ್ಪೆನ್ಷನ್ ನಂಬಿ ಅಡಿಗೆ ನುಗ್ಗಬೇಡಿ. ಚಾಸಿಯ ಕೆಳಗೆ ತೂಕ ತಡೆಯುವ ಸ್ಟ್ಯಾಂಡ್ ಇರಲೇಬೇಕು. ಪೈಪು ಬಿಚ್ಚಿದ ಕೋಣೆಯನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ, ಗಾಡಿ ಸ್ವಲ್ಪ ವಾಲಿದ್ದರೂ ಅದು ಜಾರಬಲ್ಲದು. ಕೋಣೆ ಹೊರಗಿದ್ದರೆ ಅಂಚಿಗೂ ಗೋಡೆಗೂ ನಡುವೆ ಮರದ ದಿಮ್ಮಿ ಕೊಡಿ, ಒಳಗಿದ್ದರೆ ಪಟ್ಟಿ ಹಾಕಿ ಬಿಗಿಯಿರಿ.

ಸಿಲಿಂಡರ್ ತರುವುದೋ, ಸೀಲು ಬದಲಿಸುವುದೋ

ಹೊಸ ಸಿಲಿಂಡರ್ ಬೇಕೇಬೇಕೆಂದಿಲ್ಲ. ರಾಡು ನೇರವಾಗಿದ್ದು, ಮೇಲಿನ ಕ್ರೋಮ್ ಹೊಳಪು ಎದ್ದಿಲ್ಲದಿದ್ದರೆ ಸೀಲ್ ಕಿಟ್ ಸಾಕು. ಟ್ರ್ಯಾಕ್ಟರು, ಜೆಸಿಬಿ ರಿಪೇರಿ ಮಾಡುವ ಹೈಡ್ರಾಲಿಕ್ ಅಂಗಡಿಗಳು ಅಮೆರಿಕದ ಸಣ್ಣಪುಟ್ಟ ಊರುಗಳಲ್ಲೂ ಇವೆ. ಮೋಟರ್‌ಹೋಮ್ ಡೀಲರಿಗಿಂತ ಅವರೇ ಈ ಕೆಲಸ ಬಲ್ಲವರು ಎಂಬುದು ನನ್ನ ಅನುಭವ. ರಾಡು ಬಾಗಿದ್ದರೆ, ತುಕ್ಕಿನ ಕುಳಿ ಬಿದ್ದಿದ್ದರೆ ಮಾತ್ರ ಹೊಸದು ತನ್ನಿ.

ಅಳತೆ ಮಾಡಬೇಕಾದ್ದು: ಮುಚ್ಚಿದಾಗ ಪಿನ್ನಿನಿಂದ ಪಿನ್ನಿಗೆ ಇರುವ ಉದ್ದ, ರಾಡು ಹೊರಬರುವ ದೂರ, ಒಳವ್ಯಾಸ, ರಾಡಿನ ವ್ಯಾಸ, ಪೈಪು ಕೂರುವ ಬಾಯಿಯ ಥ್ರೆಡ್. ರಾಡು ಹೊರಬರುವ ದೂರ ಕಾಲಿಂಚು ಕಡಿಮೆಯಿದ್ದರೂ ಆ ತುದಿ ಪ್ರತಿ ಸಲವೂ ಕಾಲಿಂಚು ಮೊದಲೇ ನಿಂತುಬಿಡುತ್ತದೆ. ಎರಡೂ ಸಿಲಿಂಡರು ಒಂದೇ ವಯಸ್ಸಿನವಾದ್ದರಿಂದ ಒಂದರ ಸೀಲು ಸವೆದು ಹೋಗಿದ್ದರೆ ಇನ್ನೊಂದರದ್ದನ್ನೂ ಬದಲಿಸಿ. ಎಣ್ಣೆ ಚೆಲ್ಲಿ, ಗಾಳಿ ತೆಗೆಯುವ ಈ ಪಾಡನ್ನು ಆರು ತಿಂಗಳಲ್ಲಿ ಮತ್ತೆ ಪಡುವ ಆಸೆ ನನಗಂತೂ ಇಲ್ಲ.

ಬಿಚ್ಚಿ ಕೂರಿಸುವ ಕ್ರಮ

1. ಮೊದಲು ಫೋಟೋ ತೆಗೆಯಿರಿ, ಪ್ರತಿ ಪೈಪಿಗೂ ಚೀಟಿ ಕಟ್ಟಿ. ರಾಡಿನ ತುದಿಯಲ್ಲಿ ನಟ್ಟಿನಿಂದಾಚೆ ಎಷ್ಟು ಸುತ್ತು ಥ್ರೆಡ್ ಕಾಣುತ್ತಿದೆ ಎಂದು ಎಣಿಸಿ ಬರೆಯಿರಿ. ಈ ಒಂದು ಸಂಖ್ಯೆ ಮುಂದೆ ಚಿನ್ನದ ಬೆಲೆ ಬಾಳುತ್ತದೆ.

2. ಫಿಟ್ಟಿಂಗುಗಳ ಸುತ್ತಲಿನ ಧೂಳನ್ನು ಬ್ರಶ್ಶಿನಿಂದ ಉಜ್ಜಿ ಒರೆಸಿ. ಪೈಪು ಬಿಚ್ಚಿದ ಕೂಡಲೇ ಎರಡೂ ತುದಿಗೆ ಮುಚ್ಚಳ ಹಾಕಿ. ಕಸ ಒಳಹೋದರೆ ಅದು ವಾಲ್ವಿನಲ್ಲೇ ಕೂರುವುದು.

3. ಬಿಚ್ಚುವಾಗಲೂ ಬಿಗಿಯುವಾಗಲೂ ಎರಡು ಸ್ಪ್ಯಾನರ್. ಒಂದು ಫಿಟ್ಟಿಂಗನ್ನು ಹಿಡಿದಿರಬೇಕು, ಇನ್ನೊಂದು ತಿರುಗಬೇಕು. ಇಲ್ಲವಾದರೆ ಪೈಪು ತಿರುಚಿಕೊಳ್ಳುತ್ತದೆ.

4. ಪಿನ್ನು ತೆಗೆಯುವಾಗ ಸಿಲಿಂಡರ್ ಕೆಳಗೆ ಬೀಳದಂತೆ ಒಬ್ಬರು ಹಿಡಿದಿರಲಿ. ರಾಡನ್ನು ಪೈಪ್ ರೆಂಚಿನಿಂದ ಕಚ್ಚಬೇಡಿ. ಕ್ರೋಮಿನ ಮೇಲೆ ಬಿದ್ದ ಒಂದು ಗೀರು ಹೊಸ ಸೀಲನ್ನು ಬ್ಲೇಡಿನಂತೆ ಕೊಯ್ಯುತ್ತದೆ. ತಿರುಗಿಸಲೆಂದೇ ರಾಡಿನ ತುದಿಯಲ್ಲಿ ಚಪ್ಪಟೆ ಜಾಗ ಇರುತ್ತದೆ.

5. ಹೊಸ ಸಿಲಿಂಡರನ್ನು ಕೂರಿಸುವ ಮುನ್ನ ಕೈಯಿಂದಲೇ ಎಣ್ಣೆ ತುಂಬಿಸಿ. ಬಾಯಿ ಮೇಲೆ ಮಾಡಿ ಹಿಡಿದು, ಎಣ್ಣೆ ಹೊಯ್ಯುತ್ತ ರಾಡನ್ನು ನಿಧಾನ ಸರಿಸಿ. ಎರಡೂ ಕಡೆ ತುಂಬಿದಷ್ಟೂ ಆಮೇಲೆ ಗಾಳಿ ತೆಗೆಯುವ ಕೆಲಸ ಕಡಿಮೆ. ಹೆಚ್ಚಿನ ಗಾಡಿಗಳಲ್ಲಿ ಬಳಸುವುದು ಕೆಂಪು ಬಣ್ಣದ, ಡೆಕ್ಸ್‌ರಾನ್ ಬಗೆಯ ಟ್ರಾನ್ಸ್‌ಮಿಷನ್ ಎಣ್ಣೆ. ನಿಮ್ಮದಕ್ಕೆ ಯಾವುದು ಎಂಬುದು ಟ್ಯಾಂಕಿನ ಮೇಲೋ ಪುಸ್ತಕದಲ್ಲೋ ಇರುತ್ತದೆ. ಬ್ರೇಕ್ ಎಣ್ಣೆಯನ್ನು ಮಾತ್ರ ಎಂದೂ ಹಾಕಬೇಡಿ, ಸೀಲುಗಳು ಉಬ್ಬಿ ಕೆಡುತ್ತವೆ.

6. ರಾಡಿನ ತುದಿಯನ್ನು ಬರೆದಿಟ್ಟ ಸುತ್ತಿಗೇ ತಂದು ನಿಲ್ಲಿಸಿ. ಚೆನ್ನಾಗಿ ಕಾಣಲಿ ಎಂದು ಅರ್ಧ ಸುತ್ತೂ ಹೆಚ್ಚು ಕಡಿಮೆ ಮಾಡಬೇಡಿ, ಅದಕ್ಕೆ ಸಮಯ ಇನ್ನೂ ಬಂದಿಲ್ಲ.

ಟ್ಯಾಂಕಿಗೆ ಎಣ್ಣೆ ಹಾಕುವುದರಲ್ಲೂ ಒಂದು ಮರ್ಮವಿದೆ. ಎಲ್ಲ ಕೋಣೆಗಳೂ ಒಳಗೆ, ಎಲ್ಲ ಜಾಕುಗಳೂ ಮೇಲೆ ಇರುವಾಗಲೇ ಮಟ್ಟ ನೋಡಬೇಕು. ರಾಡು ಹೊರಗಿದ್ದಾಗ ಅದರ ಜಾಗವನ್ನೆಲ್ಲ ಎಣ್ಣೆ ತುಂಬಿರುತ್ತದೆ. ಮೇಲೆ ಹೇಳಿದ ಗಾತ್ರದ ಎರಡು ಸಿಲಿಂಡರು ಒಳಗೆ ಬಂದಾಗ ಮುಕ್ಕಾಲು ಲೀಟರಿಗೂ ಹೆಚ್ಚು ಎಣ್ಣೆ ಟ್ಯಾಂಕಿಗೆ ಮರಳುತ್ತದೆ. ಹೊರಗಿದ್ದಾಗಲೇ ತುಂಬಿಸಿಟ್ಟವರ ನೆಲದ ಮೇಲೆ ಕೆಂಪು ಓಕುಳಿ.

ಜೊತೆಗೂಡಿಸುವುದು

ಇಡೀ ಕೆಲಸದ ಜೀವಾಳ ಇಲ್ಲಿದೆ. ಅಳತೆ ಸಿಲಿಂಡರ್ ಎರಡು ಬದಿಗೂ ಸಮ ಎಣ್ಣೆ ಕೊಡುತ್ತದೆ ಎಂದೆ. ಹಾಗಾದರೆ ಒಂದು ಬದಿ ಆಗಲೇ ಹಿಂದೆ ಬಿದ್ದಿದ್ದರೆ? ಸಮ ಹಂಚಿಕೆಯಿಂದ ಅದು ಹಿಂದೆಯೇ ಉಳಿಯುತ್ತದೆ, ಅಂತರ ಮುಚ್ಚುವುದಿಲ್ಲ. ಅದಕ್ಕಾಗಿ ಅಳತೆ ಸಿಲಿಂಡರಿನ ತುದಿಗಳಲ್ಲಿ ಚಿಕ್ಕ ವಾಲ್ವುಗಳಿರುತ್ತವೆ. ದಾರಿಯ ಕೊನೆ ಮುಟ್ಟಿದಾಗ ಮಾತ್ರ ಅವು ತೆರೆದು, ಹಿಂದುಳಿದ ಸಿಲಿಂಡರಿಗೆ ಕೊರತೆಯ ಎಣ್ಣೆಯನ್ನು ಬಿಡುತ್ತವೆ. ಸರಣಿ ಬಗೆಯಲ್ಲೂ ಹೀಗೇ, ಪಿಸ್ಟನ್ ತುದಿ ಮುಟ್ಟಿದಾಗ ಪಕ್ಕದ ಕಿರುದಾರಿ ತೆರೆಯುತ್ತದೆ. ಎಂದರೆ ಓರೆ ಸರಿಯಾಗುವುದು ಕೋಣೆ ಚಲಿಸುವಾಗ ಅಲ್ಲ, ನಿಂತ ಮೇಲಿನ ಆ ಕೆಲವು ಸೆಕೆಂಡುಗಳಲ್ಲಿ. ನಾವು ಮಾಡುವುದೇನು? ‘ಧಡ್’ ಎಂದು ಸದ್ದಾದ ಕೂಡಲೇ ಗಾಡಿಗೆ ನೋವಾದೀತೆಂದು ಬೆರಳು ತೆಗೆದುಬಿಡುತ್ತೇವೆ. ವರ್ಷಗಟ್ಟಲೆ ಹೀಗೆ ತೆಗೆದ ಬೆರಳಿನಿಂದಲೇ ಎಷ್ಟೋ ಕೋಣೆಗಳು ಓರೆಯಾಗಿವೆ. ಅವುಗಳ ಸಿಲಿಂಡರಿಗೆ ಏನೂ ಆಗಿರುವುದಿಲ್ಲ.

ಈ ಹಂತಕ್ಕೆ ಮೂವರಿದ್ದರೆ ಒಳ್ಳೆಯದು: ಒಬ್ಬರು ಸ್ವಿಚ್ಚಿನಲ್ಲಿ, ಇಬ್ಬರು ಎರಡು ತುದಿಯಲ್ಲಿ.

1. ಎಂಜಿನ್ ಓಡುತ್ತಿರಲಿ ಅಥವಾ ಚಾರ್ಜರ್ ಹಾಕಿರಿ. ಪಂಪು 12 ವೋಲ್ಟಿನಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬಲ್ಲದು. ಬ್ಯಾಟರಿ ಸೊರಗಿದ್ದರೆ ಪೂರ್ತಿ ಒತ್ತಡವೇ ಹುಟ್ಟುವುದಿಲ್ಲ, ಆ ವಾಲ್ವುಗಳೂ ತೆರೆಯುವುದಿಲ್ಲ.

2. ಕೋಣೆಯನ್ನು ಒಂದೊಂದು ಅಡಿಯಂತೆ ಹೊರಗೆ ಕಳಿಸಿ. ಒಂದು ತುದಿ ಸುಮಾರು ಒಂದು ಇಂಚಿಗಿಂತ ಹಿಂದೆ ಬಿದ್ದರೆ ನಿಲ್ಲಿಸಿ. ಹಿಂದುಳಿದ ತುದಿಯನ್ನು ಒಳಗಿನಿಂದ ಇಬ್ಬರು ಸಮನಾಗಿ ತಳ್ಳುತ್ತಿರುವಂತೆ, ಸ್ವಿಚ್ಚನ್ನು ಚುಟುಕಾಗಿ ಒತ್ತಿ. ಬೆರಳುಗಳು ಅಂಚಿನ ಸಂದಿಯಿಂದ ದೂರವಿರಲಿ. ಬಲವಂತ ಮಾಡಿ ಓರೆಯಾಗಿಯೇ ಓಡಿಸಿದರೆ ಹಳಿ ಬಾಗುತ್ತದೆ.

3. ಪೂರ್ತಿ ಹೊರಗೆ ಹೋಗಿ ನಿಂತ ಮೇಲೂ ಸ್ವಿಚ್ಚನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪಂಪಿನ ದನಿ ಬದಲಾಗುವುದು ಕೇಳುತ್ತದೆ. ನಿಮ್ಮ ಪುಸ್ತಕದಲ್ಲಿ ಬೇರೆ ಸಮಯ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

4. ಒಳಗೆ ತನ್ನಿ. ಇಲ್ಲಿಯೂ ಹಾಗೆಯೇ ಕೊನೆಯಲ್ಲಿ ಒತ್ತಿ ಹಿಡಿಯಿರಿ.

5. ಟ್ಯಾಂಕಿನ ಮಟ್ಟ ನೋಡಿ, ಎಣ್ಣೆ ಹಾಕಿ. ನೊರೆ ಕಂಡರೆ ಗಾಳಿ ಹೊರಬರುತ್ತಿದೆ ಎಂದು ಖುಷಿಪಡಿ, ಆದರೆ ನೊರೆ ಇಳಿಯುವ ತನಕ ಮುಂದುವರಿಯಬೇಡಿ. ಅಷ್ಟು ಹೊತ್ತು ಮೋಟರಿಗೂ ಬಿಡುವು ಸಿಗುತ್ತದೆ. ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಕಾಫಿ ಕುಡಿದು ಬನ್ನಿ.

6. ಹೀಗೆ ಐದಾರು ಸಲ. ಪ್ರತಿ ಸಲವೂ ಅರ್ಧ ದಾರಿಯಲ್ಲಿ ಎರಡೂ ತುದಿಯನ್ನು ಅಳೆದು ಬರೆಯಿರಿ. ವ್ಯತ್ಯಾಸ ಸಲದಿಂದ ಸಲಕ್ಕೆ ಇಳಿಯುತ್ತಿರಬೇಕು. ನನ್ನ ಗಾಡಿಯಲ್ಲಿ ಮೊದಲು 38 ಮಿಲಿಮೀಟರ್ ಇದ್ದದ್ದು 21ಕ್ಕೆ, 9ಕ್ಕೆ, ಕೊನೆಗೆ 4ಕ್ಕೆ ಬಂದು ನಿಂತಿತು.

ಇಳಿಯುತ್ತ ಬಂದದ್ದು ಮರುದಿನ ಮತ್ತೆ ಏರಿದ್ದರೆ ಎಲ್ಲೋ ಸೋರಿಕೆ ಇದೆ. ಎಷ್ಟು ಸಲ ಆಡಿಸಿದರೂ ಒಂದೇ ಅಂಕಿಯಲ್ಲಿ ಕುಳಿತಿದ್ದರೆ ಅಳತೆ ಸಿಲಿಂಡರಿನ ಒಳಗಿನ ಸೀಲು ಅಥವಾ ವಾಲ್ವಿನ ಮೇಲೆ ಅನುಮಾನ ಪಡಿ. ಅಲ್ಲಿಂದ ಮುಂದೆ ಹೈಡ್ರಾಲಿಕ್ ಅಂಗಡಿಯವರ ಕೆಲಸ.

ಈಗ ನಟ್ಟಿನ ಸರದಿ

ಅರ್ಧ ದಾರಿಯ ವ್ಯತ್ಯಾಸ ಇಳಿದು ಸ್ಥಿರವಾದ ಮೇಲೆ, ಕೋಣೆ ಪೂರ್ತಿ ಒಳಗಿರುವಾಗ ಸೀಲನ್ನು ನೋಡಿ. ಹಳೇ ನೋಟೊಂದನ್ನು ಸೀಲಿಗೂ ಅಂಚಿಗೂ ನಡುವೆ ಇಟ್ಟು ಮುಚ್ಚಿ, ಎಳೆದು ನೋಡಿ. ನಾಲ್ಕೂ ಮೂಲೆಯಲ್ಲಿ ಒಂದೇ ಬಿಗಿ ಇರಬೇಕು. ಒಂದು ತುದಿಯಲ್ಲಿ ನೋಟು ಸಲೀಸಾಗಿ ಜಾರಿ ಬಂದರೆ ಅಲ್ಲಿನ ರಾಡಿನ ನಟ್ಟನ್ನು ಅರ್ಧ ಸುತ್ತು ಮಾತ್ರ ತಿರುಗಿಸಿ, ಕೋಣೆಯನ್ನು ಒಮ್ಮೆ ಹೊರಗೆ ಒಳಗೆ ಆಡಿಸಿ, ಮತ್ತೆ ನೋಡಿ. ನಟ್ಟು ತಿರುಗಿಸುವ ಮುನ್ನ ಕೋಣೆಯನ್ನು ಸ್ವಲ್ಪ ಹೊರಗೆ ಬಿಟ್ಟು ಒತ್ತಡ ಇಳಿಸಿರಬೇಕು. ಕೊನೆಗೆ ಲಾಕ್ ನಟ್ಟು ಬಿಗಿದು, ಅದರ ಮೇಲೆ ಬಣ್ಣದ ಒಂದು ಗೆರೆ ಎಳೆಯಿರಿ. ಮುಂದೆ ಅದು ತಾನಾಗಿ ತಿರುಗಿದರೆ ಗೆರೆ ಒಡೆದು ತಿಳಿಸುತ್ತದೆ.

ಪದೇಪದೇ ಕಾಣುವ ತಪ್ಪುಗಳು

ಫಿಟ್ಟಿಂಗಿಗೆ ಟೆಫ್ಲಾನ್ ಟೇಪ್ ಸುತ್ತುವುದು. ನಲ್ಲಿ ಕೆಲಸದ ರೂಢಿ ಇಲ್ಲಿ ಸಲ್ಲದು. ಈ ಗಾಡಿಗಳ ಪೈಪು ತುದಿಗಳಲ್ಲಿ ಹೆಚ್ಚಿನವು ಜೆಐಸಿ ಬಗೆಯವು, 37 ಡಿಗ್ರಿ ಇಳಿಜಾರಿನಲ್ಲಿ ಲೋಹಕ್ಕೆ ಲೋಹ ಕೂತು ಸೋರಿಕೆ ತಡೆಯುತ್ತವೆ, ಥ್ರೆಡ್ಡಿನಿಂದಲ್ಲ. ಟೇಪಿನ ಚೂರು ಹರಿದು ವಾಲ್ವಿನಲ್ಲಿ ಸಿಕ್ಕುವುದಷ್ಟೇ ಲಾಭ.

ಕೋಣೆಯನ್ನು ಅರ್ಧಕ್ಕೇ ನಿಲ್ಲಿಸಿ ಬಳಸುವುದು. ಪಕ್ಕದಲ್ಲಿ ಮರವಿದೆ, ಜಾಗ ಸಾಲದು ಎಂದು ಮುಕ್ಕಾಲು ತೆರೆದು ವಾರಗಟ್ಟಲೆ ಇದ್ದರೆ, ಕೊನೆ ಮುಟ್ಟಿ ಸರಿಯಾಗುವ ಅವಕಾಶವೇ ಎಣ್ಣೆಗೆ ಸಿಗುವುದಿಲ್ಲ. ಸಣ್ಣ ಸಣ್ಣ ವ್ಯತ್ಯಾಸ ಕೂಡುತ್ತ ಹೋಗುತ್ತದೆ.

ಗಾಡಿ ಮಟ್ಟ ಮಾಡದೆ ಕೋಣೆ ತೆರೆಯುವುದು. ಚಾಸಿ ತಿರುಚಿದ್ದರೆ ಬಾಗಿಲ ಚೌಕಟ್ಟೂ ತಿರುಚುತ್ತದೆ, ಕೋಣೆ ಒಂದು ಮೂಲೆಯಲ್ಲಿ ಉಜ್ಜುತ್ತದೆ. ಯಾವುದು ಮೊದಲು, ಮಟ್ಟವೋ ಕೋಣೆಯೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಪಕ್ಕದ ಗಾಡಿಯವರ ಮಾತು ನಿಮ್ಮ ಗಾಡಿಗೆ ಹೊಂದಬೇಕೆಂದಿಲ್ಲ.

ಸೋರುವ ರಾಡಿಗೆ ಗ್ರೀಸ್ ಬಳಿಯುವುದು ಇನ್ನೊಂದು. ಧೂಳು ಅಂಟಿ ಉಪ್ಪುಕಾಗದವಾಗುತ್ತದೆ.

ದಾರಿಯಲ್ಲೇ ಕೈಕೊಟ್ಟರೆ

ಕೋಣೆ ಹೊರಗೆ ಸಿಕ್ಕಿಕೊಂಡಿದೆ, ನಾಳೆ ಜಾಗ ಖಾಲಿ ಮಾಡಬೇಕು. ಆಗ ಆ ಕೋಣೆಯ ವಾಲ್ವುಗಳ ಕೈಬಿಡುಗಡೆ ತಿರುಪುಗಳನ್ನು ತೆರೆಯಿರಿ. ಹೊರಗೆ ಮತ್ತು ಒಳಗೆ ಎರಡೂ ದಾರಿಯವು ತೆರೆಯಬೇಕು, ಒಂದೇ ತೆರೆದರೆ ಎಣ್ಣೆಗೆ ಹೋಗಲು ಜಾಗವಿರುವುದಿಲ್ಲ. ಎರಡು ಕೈವಿಂಚ್ ತಂದು ಎರಡು ತುದಿಗೂ ಕಟ್ಟಿ, ಈ ಕಡೆ ಒಂದಿಂಚು, ಆ ಕಡೆ ಒಂದಿಂಚು ಎಂದು ಸರದಿಯಂತೆ ಎಳೆಯಿರಿ. ಪಿಕಪ್ ಟ್ರಕ್ಕಿಗೆ ಹಗ್ಗ ಕಟ್ಟಿ ಎಳೆದವರನ್ನು ನೋಡಿದ್ದೇನೆ. ಕೋಣೆ ಬಂತು, ಜೊತೆಗೆ ಗೋಡೆಯ ಒಂದು ತುಂಡೂ ಬಂತು. ಒಳಗೆ ಬಂದ ಮೇಲೆ ತಿರುಪುಗಳನ್ನು ಮರೆಯದೆ ಮುಚ್ಚಿ, ಕೋಣೆಗೆ ಪಟ್ಟಿ ಬಿಗಿದು ಮನೆಯ ದಾರಿ ಹಿಡಿಯಿರಿ.

ರಿಪೇರಿಯಾದ ಮೇಲೆ ಮೊದಲ ನೂರು ಮೈಲಿಗೆ ಒಮ್ಮೆ ನಿಲ್ಲಿಸಿ, ಕೋಣೆಯ ಅಡಿಗೆ ಟಾರ್ಚ್ ಬಿಟ್ಟು ಫಿಟ್ಟಿಂಗುಗಳನ್ನೂ ಬಣ್ಣದ ಗೆರೆಯನ್ನೂ ನೋಡಿ. ಹೊರಡುವ ಮುನ್ನ ಅಲ್ಲಿ ಒಂದು ಬಿಳಿ ರಟ್ಟು ಅಂಟಿಸಿದ್ದರೆ ಇನ್ನೂ ಸುಲಭ, ಕೆಂಪು ಹನಿ ಬಿದ್ದಿದ್ದರೆ ದೂರದಿಂದಲೇ ಕಾಣುತ್ತದೆ.